ಹುಬ್ಬಿಗೆ ಕಂದು ಪೆನ್ಸಿಲ್: ಕೆಲವು ವರ್ಷ ದಿನಾ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹುಬ್ಬು ತೆಳ್ಳಗಿರುವವರು ಮೇಕಪ್‌ಗೆ ಅಂತ ಒಂದೇ ಒಂದು ಸಾಮಾನು ಕೊಳ್ಳುವುದಾದರೆ, ಲಿಪ್‌ಸ್ಟಿಕ್ ಬಿಟ್ಟು ಇದನ್ನು ಕೊಳ್ಳಿ. ನಾನು ಹೇಳುತ್ತಿರುವುದು ತಿರುಗಿಸಿದರೆ ಮೇಲೆ ಬರುವ, ಒಂದೂವರೆ ಮಿಲಿಮೀಟರ್ ಮೊನೆಯ ಹುಬ್ಬಿನ ಪೆನ್ಸಿಲ್ ಬಗ್ಗೆ. ಒಂದು ತುದಿಯಲ್ಲಿ ಪೆನ್ಸಿಲ್, ಇನ್ನೊಂದು ತುದಿಯಲ್ಲಿ ಮಸ್ಕಾರಾ ಬ್ರಷ್ ಥರದ ಸ್ಪೂಲಿ. ಬಣ್ಣ ಗಾಢ ಕಂದು, ಕೆಂಪು ಛಾಯೆ ಇಲ್ಲದ್ದು. ಕಂಪನಿ ಹೆಸರು ಹಾಕುತ್ತಿಲ್ಲ. ಈ ಮಾದರಿಯ ಪೆನ್ಸಿಲ್‌ಗಳನ್ನು ಬೇರೆ ಬೇರೆ ಕಂಪನಿಗಳದ್ದು ಬಳಸಿದ್ದೇನೆ. ಒಳ್ಳೆಯ ಗುಣವೂ ತೊಂದರೆಯೂ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ.

ನನ್ನ ಹುಬ್ಬಿನ ಬುಡದಲ್ಲಿ, ಅಂದರೆ ಮೂಗಿನ ಕಡೆ, ಕೂದಲು ಚೆನ್ನಾಗಿದೆ. ಕಿವಿಯ ಕಡೆಯ ತುದಿ ಮಾತ್ರ ಹೆಚ್ಚುಕಡಿಮೆ ಬೋಳು. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದವರಲ್ಲಿ ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ಉದುರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ. ನನ್ನದೂ ಅದೇ. ನಿಮ್ಮ ಹುಬ್ಬಿನ ತುದಿ ಇತ್ತೀಚೆಗೆ ತೆಳ್ಳಗಾಗುತ್ತಿದ್ದರೆ, ಜೊತೆಗೆ ಸುಸ್ತು, ತೂಕ ಏರುವುದು ಇದ್ದರೆ, ಪೆನ್ಸಿಲ್‌ಗಿಂತ ಮೊದಲು ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ಶುರುವಾದ ಮೇಲೆ ನನಗೆ ಸ್ವಲ್ಪ ಕೂದಲು ವಾಪಸ್ ಬಂತು. ಪೂರ್ತಿ ಬರಲಿಲ್ಲ. ಉಳಿದ ಜಾಗವನ್ನು ಪೆನ್ಸಿಲ್ ತುಂಬುತ್ತಿದೆ.

ಅದರ ಮೇಲೆ ಪಾರ್ಲರ್ ಬೇರೆ. ಒಂದು ಕಡೆ ಬೇಡ ಬೇಡ ಅಂದರೂ "ಶೇಪ್ ಬರಲ್ಲ ಮೇಡಂ" ಅನ್ನುತ್ತಾ ದಾರ ಎಳೆದು ಕೆಳಗಿನ ಸಾಲನ್ನೇ ಖಾಲಿ ಮಾಡಿದ್ದರು. ತಲೆಕೂದಲು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ. ಹುಬ್ಬಿನ ಕೂದಲು ಹಾಗಲ್ಲ, ಒಂದೆರಡು ತಿಂಗಳು ಬೆಳೆದು ನಿಂತುಬಿಡುತ್ತದೆ. ಅದಕ್ಕೇ ಅದು ಗಿಡ್ಡ. ಅದಕ್ಕೇ ಒಮ್ಮೆ ಕಿತ್ತದ್ದು ಮತ್ತೆ ತುಂಬಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಮತ್ತೆ ಮತ್ತೆ ಕೀಳುತ್ತಾ ಹೋದರೆ ಕೆಲವು ಕೂದಲು ಬರುವುದೇ ಇಲ್ಲ. ಈಗ ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುತ್ತೇನೆ: "ಮೇಲ್ಗಡೆ ಮುಟ್ಟಬೇಡಿ, ತುದಿ ಮುಟ್ಟಬೇಡಿ, ರೆಪ್ಪೆ ಮೇಲೆ ಚದುರಿರೋದನ್ನ ಮಾತ್ರ ತೆಗೀರಿ." ಇಷ್ಟು ಹೇಳಿದರೆ ಬಹಳಷ್ಟು ಪಾರ್ಲರ್‌ಗಳಲ್ಲಿ ಕೇಳುತ್ತಾರೆ. ಆಕಾರ ಕೊಡುವ ಕೆಲಸ ದಾರದ್ದಲ್ಲ, ಪೆನ್ಸಿಲ್‌ದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪೆನ್ಸಿಲ್‌ನಲ್ಲಿ ಬರೆದದ್ದನ್ನು ಒರೆಸಬಹುದು ಅಲ್ವಾ?

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹುಬ್ಬಿಗೂ ಕಾಡಿಗೆಯನ್ನೇ ತೀಡುತ್ತಾರೆ. ಭರತನಾಟ್ಯದ ವೇದಿಕೆಗೆ ಅದು ಸರಿ, ಕೊನೆಯ ಸಾಲಿನಲ್ಲಿ ಕೂತವರಿಗೂ ಹುಬ್ಬು ಕಾಣಬೇಕು. ಆಫೀಸಿಗೆ ಹೊಂದುವುದಿಲ್ಲ. ಕಾಡಿಗೆ ಕಣ್ಣಿನ ಅಂಚಿನಲ್ಲಿ ನೋವಾಗದೆ ಜಾರಬೇಕು, ಅದಕ್ಕೆ ಅದನ್ನು ಮೆತ್ತಗೆ, ಎಣ್ಣೆಯಂಶ ಜಾಸ್ತಿ ಇಟ್ಟು ಮಾಡುತ್ತಾರೆ. ಹುಬ್ಬಿನ ಪೆನ್ಸಿಲ್‌ನಲ್ಲಿ ಮೇಣ ಜಾಸ್ತಿ. ಕಾರ್ನೌಬಾ, ಕ್ಯಾಂಡೆಲಿಲಾ ಥರದ ಗಟ್ಟಿ ಗಿಡಮೇಣಗಳು ಇರುತ್ತವೆ. ಕೈ ಮೇಲೆ ಎರಡನ್ನೂ ಪಕ್ಕಪಕ್ಕ ಎಳೆದು ಬೆರಳಿನಿಂದ ಉಜ್ಜಿ ನೋಡಿ. ಕಾಡಿಗೆ ಹರಡುತ್ತದೆ, ಹೊಳೆಯುತ್ತದೆ. ಹುಬ್ಬಿನ ಪೆನ್ಸಿಲ್ ಗೆರೆ ಒಣಗಿದಂತೆ ಕಾಣುತ್ತದೆ, ಸುಲಭಕ್ಕೆ ಜರುಗುವುದಿಲ್ಲ.

ಬಣ್ಣದ ವಿಷಯ ಇನ್ನೂ ಮುಖ್ಯ. ನಮ್ಮ ಕೂದಲು ಕಪ್ಪು ಅಂತ ನಾವು ಕಪ್ಪು ಪೆನ್ಸಿಲ್ ಕೇಳುತ್ತೇವೆ. ಆದರೆ ನಿಜವಾದ ಹುಬ್ಬಿನಲ್ಲಿ ಕೂದಲ ನಡುವೆ ಚರ್ಮ ಇಣುಕುತ್ತಿರುತ್ತದೆ, ಆದ್ದರಿಂದ ಒಟ್ಟಾರೆ ಹುಬ್ಬು ಒಂದೊಂದು ಕೂದಲಿಗಿಂತ ತಿಳಿಯಾಗಿ ಕಾಣುತ್ತದೆ. ಕಪ್ಪು ಪೆನ್ಸಿಲ್ ಆ ಚರ್ಮವನ್ನೂ ಮುಚ್ಚಿದರೆ ಅಂಟಿಸಿದ ಪಟ್ಟಿ ಥರ ಆಗುತ್ತದೆ. ಕೂದಲಿಗಿಂತ ಒಂದು ಮೆಟ್ಟಿಲು ತಿಳಿಯಾದ ಕಂದು ತೆಗೆದುಕೊಂಡರೆ ಆ ತೊಂದರೆ ಇಲ್ಲ. ಅದರಲ್ಲೂ ಕೆಂಪು ಕಂದು ಬೇಡ. ಡಬ್ಬಿಯ ಮೇಲೆ ಸಿಐ 77491, 77492, 77499 ಎಂಬ ಸಂಖ್ಯೆಗಳು ಸಾಮಾನ್ಯವಾಗಿ ಇರುತ್ತವೆ. ಕೆಂಪು, ಹಳದಿ, ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡ್‌ಗಳು ಅವು. ಈ ಮೂರನ್ನು ಯಾವ ಪ್ರಮಾಣದಲ್ಲಿ ಬೆರೆಸಿದ್ದಾರೆ ಅನ್ನುವುದರ ಮೇಲೆ ಕಂದು ಬದಲಾಗುತ್ತದೆ. ಒಂದು ಕಂಪನಿಯ 'ಡಾರ್ಕ್ ಬ್ರೌನ್' ಇನ್ನೊಂದರ 'ಡಾರ್ಕ್ ಬ್ರೌನ್' ಥರ ಇರಲೇಬೇಕು ಅಂತಿಲ್ಲ. 'ಆಶ್ ಬ್ರೌನ್' ಅಂತ ಬರೆದಿದ್ದರೆ ಕೆಂಪು ಕಡಿಮೆ ಅಂತ ಅರ್ಥ. ಅಂಗಡಿಯಲ್ಲಿ ಟೆಸ್ಟರ್ ಇದ್ದರೆ ಕೈ ಮೇಲೆ ಎಳೆದುಕೊಂಡು ಬಾಗಿಲ ಹೊರಗೆ ಬಂದು ಬಿಸಿಲಲ್ಲಿ ನೋಡಿ. ಒಳಗಿನ ದೀಪದಲ್ಲಿ ಎಲ್ಲ ಕಂದೂ ಒಂದೇ.

ಈಗ ಬಳಸುವ ರೀತಿ. ಮುಖಕ್ಕೆ ಕ್ರೀಮ್ ಹಚ್ಚಿದ್ದರೆ ಹುಬ್ಬಿನ ಮೇಲಿನ ಜಿಡ್ಡನ್ನು ಟಿಶ್ಯೂನಿಂದ ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ಪೆನ್ಸಿಲ್ ಹಿಡಿಯುವುದೇ ಇಲ್ಲ. ಆಮೇಲೆ ಸ್ಪೂಲಿಯಿಂದ ಕೂದಲನ್ನು ಮೇಲಕ್ಕೆ ಬಾಚಬೇಕು. ಖಾಲಿ ಜಾಗ ಎಲ್ಲಿದೆ ಅಂತ ಆಗ ಗೊತ್ತಾಗುತ್ತದೆ. ನಾನು ಯಾವಾಗಲೂ ತುದಿಯಿಂದ ಶುರು ಮಾಡುತ್ತೇನೆ, ಬುಡದಿಂದಲ್ಲ. ಮೊದಲ ಗೆರೆಗಳಲ್ಲಿ ಕೈ ಒತ್ತಡ ಜಾಸ್ತಿ ಇರುತ್ತದೆ, ಆ ಗಾಢ ಬಣ್ಣ ತುದಿಯಲ್ಲಿ ಬಿದ್ದರೆ ಚೆನ್ನ. ಪೆನ್ಸಿಲನ್ನು ಮೊನೆಯ ಹತ್ತಿರ ಹಿಡಿಯದೆ ಹಿಂದೆ ಹಿಡಿದರೆ ಕೈ ತಾನಾಗಿಯೇ ಹಗುರಾಗುತ್ತದೆ. ಗೆರೆ ಉದ್ದ ಬೇಡ, ಒಂದು ಹುಬ್ಬುಕೂದಲಿನಷ್ಟೇ ಸಾಕು. ಕೂದಲು ಬೆಳೆಯುವ ದಿಕ್ಕು ನೋಡಿ: ಮೂಗಿನ ಹತ್ತಿರ ಮೇಲಕ್ಕೆ, ನಡುವೆ ಓರೆಯಾಗಿ, ತುದಿಯಲ್ಲಿ ಕೆಳಕ್ಕೆ ವಾಲಿರುತ್ತದೆ. ಗೆರೆಯೂ ಹಾಗೇ ಹೋಗಬೇಕು. ಬುಡಕ್ಕೆ ನಾನು ಪೆನ್ಸಿಲ್ ಮುಟ್ಟಿಸುವುದೇ ಅಪರೂಪ. ಕೊನೆಗೆ ಸ್ಪೂಲಿಯಿಂದ ತುದಿಯ ಕಡೆಗೆ ಮೆಲ್ಲಗೆ ಬಾಚಿದರೆ ಪೆನ್ಸಿಲ್ ಗೆರೆಗಳ ಅಂಚು ಮಾಯವಾಗಿ ಕೂದಲ ಜೊತೆ ಬೆರೆತುಬಿಡುತ್ತದೆ. ಈ ಕೊನೆಯ ಬಾಚುವಿಕೆ ಬಿಟ್ಟರೆ ಎಷ್ಟು ದುಬಾರಿ ಪೆನ್ಸಿಲ್ ಆದರೂ ಬರೆದದ್ದು ಅಂತ ಎದ್ದು ಕಾಣುತ್ತದೆ.

ಹುಬ್ಬು ಎಲ್ಲಿ ಮುಗಿಯಬೇಕು ಅನ್ನುವುದಕ್ಕೆ ಪಾರ್ಲರ್‌ನವರ ಹಳೆಯ ಅಳತೆಯೇ ಸಾಕು. ಪೆನ್ಸಿಲನ್ನು ಮೂಗಿನ ಹೊಳ್ಳೆಯ ಪಕ್ಕಕ್ಕೆ ನೆಟ್ಟಗೆ ಹಿಡಿದರೆ ಬುಡ, ಅಲ್ಲಿಂದಲೇ ಕಣ್ಣಿನ ಹೊರಮೂಲೆಗೆ ಓರೆಯಾಗಿ ಹಿಡಿದರೆ ತುದಿ. ನಡುವೆ, ಕಪ್ಪುಗುಡ್ಡೆಯ ಹೊರ ಅಂಚಿನ ನೇರಕ್ಕೆ, ಕಮಾನಿನ ಎತ್ತರದ ಜಾಗ. ರೊಮೇನಿಯಾದಿಂದ ಅಮೆರಿಕಕ್ಕೆ ಹೋಗಿ 1997ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಸಲೂನ್ ತೆರೆದ ಅನಸ್ತಾಸಿಯಾ ಸ್ವಾರೆ ಇಂಥ ಅಳತೆಯನ್ನೇ ಮುಂದಿಟ್ಟು ಹುಬ್ಬಿನಿಂದಲೇ ದೊಡ್ಡ ಕಂಪನಿ ಕಟ್ಟಿದರು. ಆದರೂ ಅಳತೆಗೆ ಜೋತುಬೀಳಬೇಡಿ. ಎರಡು ಹುಬ್ಬೂ ಒಂದೇ ಥರ ಇರುವವರು ಕಡಿಮೆ. ನಿಮ್ಮ ಮೂಳೆ ಎಲ್ಲಿ ಏರಿದೆಯೋ ಕಮಾನು ಅಲ್ಲೇ ಚೆಂದ.

ಹವೆಯ ವಿಷಯಕ್ಕೆ ಬಂದರೆ, ನಾನು ಮೈಸೂರಿನವಳು, ಕೆಲಸದ ಮೇಲೆ ಮಂಗಳೂರಿನಲ್ಲೂ ಇದ್ದೆ. ಮೈಸೂರಿನಲ್ಲಿ ಬೆಳಗ್ಗೆ ಬರೆದ ಹುಬ್ಬು ರಾತ್ರಿ ತೊಳೆಯುವವರೆಗೆ ಹಾಗೇ ಇರುತ್ತದೆ. ಮಂಗಳೂರಿನ ಸೆಕೆಯಲ್ಲಿ, ಏಪ್ರಿಲ್-ಮೇನಲ್ಲಿ, ಸಿಟಿ ಬಸ್ಸಿನಲ್ಲಿ ನಿಂತು ಹೋಗಿ ಆಫೀಸು ಸೇರುವಷ್ಟರಲ್ಲಿ ತುದಿ ಅರ್ಧ ಹೋಗಿರುತ್ತಿತ್ತು. ಗಮನಿಸಿದ ಮೇಲೆ ಗೊತ್ತಾಯಿತು, ಅದನ್ನು ತೆಗೆಯುತ್ತಿದ್ದದ್ದು ಬೆವರಿನ ನೀರಲ್ಲ. ಮೇಣಕ್ಕೆ ನೀರು ಏನೂ ಮಾಡುವುದಿಲ್ಲ, ಅಲ್ಲಿನ ಮಳೆಯಲ್ಲಿ ನೆನೆದಾಗಲೂ ಹುಬ್ಬು ಉಳಿದಿದೆ. ಚರ್ಮದ ಜಿಡ್ಡು ಮೇಣವನ್ನು ಸಡಿಲ ಮಾಡುತ್ತದೆ, ಕರ್ಚೀಫು ಅದನ್ನು ಎತ್ತಿಕೊಂಡು ಹೋಗುತ್ತದೆ. ಎರಡು ಉಪಾಯದಿಂದ ಸರಿಹೋಯಿತು. ಬರೆಯುವ ಮೊದಲು ತುದಿಯ ಬೋಳು ಜಾಗಕ್ಕೆ ಚಿಟಿಕೆ ಕಾಂಪ್ಯಾಕ್ಟ್ ಪೌಡರ್, ಬರೆದ ಮೇಲೆ ಹುಬ್ಬನ್ನು ಹಿಡಿದಿಡುವ ಬಣ್ಣವಿಲ್ಲದ ಬ್ರೋ ಜೆಲ್. ಬೆವರನ್ನು ಒರೆಸದೆ ಒತ್ತಿ ತೆಗೆಯುವುದು ಮೂರನೆಯದು, ಅದು ಅಭ್ಯಾಸವಾಗಲು ಹೊತ್ತು ಹಿಡಿಯುತ್ತದೆ.

ಇನ್ನು ತೊಂದರೆಗಳು. ದೊಡ್ಡದು ಪ್ರಮಾಣ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ನೆಟ್ ವೆಯ್ಟ್ ಓದಿ. ಇಂಥ ಸಣ್ಣ ಮೊನೆಯ ಪೆನ್ಸಿಲ್‌ಗಳಲ್ಲಿ ಎಷ್ಟೋ 0.08 ಗ್ರಾಂ ಆಸುಪಾಸಿನಲ್ಲಿ ಇರುತ್ತವೆ. ಮೆಂಡರ್‌ನಲ್ಲಿ ಚೂಪು ಮಾಡುವ ಮರದ ಪೆನ್ಸಿಲ್ ಒಂದು ಗ್ರಾಂ ಮೇಲಿರುತ್ತದೆ. ನಾನೂರು ರೂಪಾಯಿಗೆ 0.08 ಗ್ರಾಂ ಅಂದರೆ ಗ್ರಾಂಗೆ ಐದು ಸಾವಿರ ಆಯಿತು! ದಿನಾ ಬಳಸಿದರೆ ನನಗೆ ಒಂದು ಪೆನ್ಸಿಲ್ ಎರಡು ತಿಂಗಳ ಆಚೆ ಈಚೆ ಬರುತ್ತದೆ. ವಿದೇಶಿ ಕಂಪನಿಗಳು ಇದೇ ಗಾತ್ರಕ್ಕೆ ಸಾವಿರಗಟ್ಟಲೆ ಕೇಳುತ್ತವೆ. ಅಷ್ಟು ಕೊಡಬೇಕಾಗಿಲ್ಲ ಅನ್ನಿಸುತ್ತದೆ ನನಗೆ.

ಎರಡನೆಯದು ಮುರಿಯುವುದು. ಕಡ್ಡಿಯನ್ನು ಒಂದೆರಡು ಮಿಲಿಮೀಟರ್‌ಗಿಂತ ಜಾಸ್ತಿ ಹೊರಗೆ ತಿರುಗಿಸಬಾರದು. ಹಾಗೆ ಜೋಪಾನವಾಗಿ ಇಟ್ಟುಕೊಂಡರೂ ಮೇ ತಿಂಗಳ ಬಿಸಿಗೆ ಒಂದು ಕಂಪನಿಯ ಪೆನ್ಸಿಲ್ ಮೆತ್ತಗಾಗಿ, ಕಡ್ಡಿ ಬುಡಸಮೇತ ಕೊಳವೆಯಿಂದ ಕಳಚಿ ಬಂತು. ದೂರು ಬರೆದರೆ ಉತ್ತರವೇ ಬರಲಿಲ್ಲ. ಬೇಸಗೆಯಲ್ಲಿ ಬಳಸುವ ಮೊದಲು ಐದು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಸ್ಪೂಲಿಯನ್ನೂ ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಅದರಲ್ಲಿ ಕಟ್ಟಿಕೊಂಡ ಮೇಣವೇ ಹುಬ್ಬಿಗೆ ಗಂಟಾಗಿ ಅಂಟುತ್ತದೆ.

ಬೇರೆ ಬಗೆಗಳನ್ನೂ ನೋಡಿದ್ದೇನೆ. ಪೌಡರ್ ಮೃದುವಾಗಿ ಕಾಣುತ್ತದೆ, ಕೂದಲು ಇರುವ ಜಾಗಕ್ಕೆ ಚೆನ್ನ, ಬೋಳು ಜಾಗದಲ್ಲಿ ನಿಲ್ಲುವುದಿಲ್ಲ. ಪೊಮೇಡ್, ಅಂದರೆ ಬ್ರಷ್‌ನಿಂದ ಹಚ್ಚುವ ಗಟ್ಟಿ ಕ್ರೀಮ್, ಮದುವೆಮನೆಗೆ ಸರಿ, ಕಲ್ಲಿನಂತೆ ನಿಲ್ಲುತ್ತದೆ, ದಿನಬಳಕೆಗೆ ಭಾರ. ಬಣ್ಣದ ಜೆಲ್ ಹುಬ್ಬು ದಟ್ಟ ಇರುವವರಿಗೆ ಮಾತ್ರ. ಮೈಕ್ರೋಬ್ಲೇಡಿಂಗ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಚರ್ಮವನ್ನು ಗೀರಿ ಬಣ್ಣ ತುಂಬುವ ಹಚ್ಚೆಯೇ. ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಹಿಡಿಸದಿದ್ದರೆ ಸಂಜೆ ತೊಳೆದುಕೊಳ್ಳಲು ಆಗುವುದಿಲ್ಲವಲ್ಲ.

ಈ ಪೆನ್ಸಿಲ್ ಬಗ್ಗೆ ನನಗೆ ಇಷ್ಟೊಂದು ಪ್ರೀತಿ ಬರಲು ಕಾರಣ ನನ್ನ ಚಿಕ್ಕಮ್ಮ. ಕೀಮೋಥೆರಪಿಯಲ್ಲಿ ಅವರ ತಲೆಕೂದಲು ಹೋದಾಗ ಸ್ಕಾರ್ಫ್ ಕಟ್ಟಿಕೊಂಡು ಸುಧಾರಿಸಿಕೊಂಡಿದ್ದರು. ಹುಬ್ಬು ಹೋದಾಗ ಕನ್ನಡಿ ನೋಡುವುದನ್ನೇ ಬಿಟ್ಟರು. ತಮ್ಮನ ಮಗನ ನಾಮಕರಣಕ್ಕೆ ಹೋಗಬೇಕಿತ್ತು. ಕಿಟಕಿ ಹತ್ತಿರ ಕೂರಿಸಿ, ಫೋನಿನಲ್ಲಿ ಅವರ ಹಳೆಯ ಫೋಟೊ ತೆರೆದಿಟ್ಟುಕೊಂಡು, ಒಂದೊಂದೇ ಗೆರೆ ಎಳೆದೆ. ಅನುಸರಿಸಲು ಒಂದು ಕೂದಲೂ ಇರಲಿಲ್ಲ, ಅಳತೆ ಮತ್ತು ಫೋಟೊ ಎರಡೇ ದಿಕ್ಕು. ಚಿಕಿತ್ಸೆಯಿಂದ ಚರ್ಮ ಒಣಗಿತ್ತು, ಹಾಗಾಗಿ ಮೊನೆಯನ್ನು ಮುಂಗೈ ಮೇಲೆ ಉಜ್ಜಿ ಬೆಚ್ಚಗೆ ಮಾಡಿಕೊಂಡು ಬರೆದೆ. ಒಂದು ಕಡೆ ಮುಗಿದಾಗ ಕನ್ನಡಿ ತೆಗೆದುಕೊಂಡು ನೋಡಿ, "ಸ್ವಲ್ಪ ದಪ್ಪಾನೇ ಇರ್ಲಿ ಕಣೇ, ನಂದು ಮೊದ್ಲಿಂದ್ಲೂ ದಪ್ಪ" ಅಂದರು. ಇನ್ನೊಂದು ಕಡೆ ಅವರೇ ಬರೆದುಕೊಳ್ಳಲು ನೋಡಿದರು. ಚಿಕಿತ್ಸೆ ಮುಗಿದ ಮೇಲೆ ಅವರ ಹುಬ್ಬು ವಾಪಸ್ ಬಂತು. ಮನೆಯಲ್ಲಿ ಯಾರಿಗಾದರೂ ಕೀಮೋ ಶುರುವಾಗುವುದಿದ್ದರೆ, ಮೊದಲೇ ಹುಬ್ಬಿನ ಫೋಟೊವನ್ನು ಎದುರಿನಿಂದ, ಎರಡೂ ಪಕ್ಕದಿಂದ, ಒಳ್ಳೆಯ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಪೆನ್ಸಿಲನ್ನು ಬೇರೆಯವರ ಜೊತೆ ಹಂಚಿಕೊಳ್ಳಲೇಬೇಡಿ, ಹೊಸದನ್ನೇ ಕೊಡಿ.

ರಾತ್ರಿ ತೆಗೆಯಲು ಹತ್ತಿಯಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಹುಬ್ಬಿನ ಮೇಲೆ ಸ್ವಲ್ಪ ಹೊತ್ತು ಇಟ್ಟು, ಕೂದಲು ಹೋಗುವ ದಿಕ್ಕಿಗೆ ಒರೆಸಿ, ಆಮೇಲೆ ಮುಖ ತೊಳೆಯಿರಿ. ಉಜ್ಜಬೇಡಿ, ಇರುವ ಕೂದಲೂ ಕಿತ್ತು ಬರುತ್ತದೆ. ಹರಳೆಣ್ಣೆ ಹಚ್ಚಿದರೆ ಹುಬ್ಬು ದಟ್ಟವಾಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ. ತಿಂಗಳುಗಟ್ಟಲೆ ಹಚ್ಚಿ ನೋಡಿದೆ. ಇದ್ದ ಕೂದಲು ಹೊಳೆಯಿತು, ಹೊಸದು ಬರಲಿಲ್ಲ. ಹಚ್ಚುವವರು ರಾತ್ರಿ ಹಚ್ಚಿ ಬೆಳಗ್ಗೆ ಚೆನ್ನಾಗಿ ತೊಳೆಯಿರಿ, ಎಣ್ಣೆ ಉಳಿದರೆ ಪೆನ್ಸಿಲ್ ಕೂರುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ: ಮೊದಲೇ ಸಣ್ಣ ಮೊನೆಯದಕ್ಕೆ ದುಡ್ಡು ಹಾಕಬೇಡಿ. ಆಶ್ ಬ್ರೌನ್ ಬಣ್ಣದ ಮರದ ಪೆನ್ಸಿಲ್, ಒಂದು ಸ್ಪೂಲಿ, ಒಂದು ಮೆಂಡರ್ ತೆಗೆದುಕೊಳ್ಳಿ. ಎಲ್ಲ ಸೇರಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಕೈ ಕುದುರುವವರೆಗೆ ಎಷ್ಟು ಬರೆದು ಒರೆಸಿದರೂ ಖಾಲಿಯಾಗುವುದಿಲ್ಲ. ಆಮೇಲೆ ಸಣ್ಣ ಮೊನೆಯದನ್ನು ತಂದು, ಬೋಳು ತುದಿಗೆ ಮಾತ್ರ ಅದನ್ನು ಇಟ್ಟುಕೊಳ್ಳಿ. ಉಳಿದ ಭಾಗಕ್ಕೆ ಮರದ್ದೇ ಸಾಕು. ನಾನು ಈಗ ಹೀಗೇ ಮಾಡುತ್ತಿದ್ದೇನೆ, ದುಬಾರಿ ಪೆನ್ಸಿಲ್ ಮೊದಲಿಗಿಂತ ಹೆಚ್ಚು ದಿನ ಬರುತ್ತಿದೆ.