ಸಿರಿಂಜ್‌ಗೆ ಐದು ಸ್ಟಾರ್, ಪುಸ್ತಿಕೆಗೆ ಒಂದು

ಘನ, ದ್ರವ, ಅನಿಲ ಕಲಿಸುವ ಈ ಕಿಟ್ ತರಿಸಿ ಆರು ವಾರ ಆಯಿತು. ನಾಲ್ಕನೇ ತರಗತಿಯ 28 ಮಕ್ಕಳ ಕೈಗೆ ಕೊಟ್ಟು, ಚೆಲ್ಲಿದ್ದನ್ನೆಲ್ಲ ಒರೆಸಿ, ಎರಡು ಸಾಮಾನು ಮುರಿದ ಮೇಲೆ ಬರೆಯುತ್ತಿದ್ದೇನೆ. ಬ್ರಾಂಡ್ ಹೆಸರು ಹೇಳಲ್ಲ. ಈ ಜಾತಿಯ ಪೆಟ್ಟಿಗೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ, ನೀವು ನೋಡುತ್ತಿರುವ ಪೆಟ್ಟಿಗೆಗೂ ಇದರಲ್ಲಿ ಅರ್ಧ ಮಾತಾದರೂ ಹೊಂದುತ್ತದೆ.

ಒಳಗೆ ಇರುವುದು ಇಷ್ಟು: ಸೂಜಿ ಇಲ್ಲದ 20 ಮಿಲಿಯ ನಾಲ್ಕು ಸಿರಿಂಜ್, ಒಂದು ಥರ್ಮಾಮೀಟರ್, ಮಣಿ ತುಂಬಿದ ಪಾರದರ್ಶಕ ಡಬ್ಬಿ, ಬಲೂನುಗಳು, ಒಂದು ಪೊಟ್ಟಣ ಕಾರ್ನ್‌ಫ್ಲೋರ್, ಎರಡು ನುಸಿಗುಳಿಗೆ, ಮತ್ತೆ ಬಣ್ಣಬಣ್ಣದ ಪುಸ್ತಿಕೆ.

ಸಿರಿಂಜ್ ಒಂದಕ್ಕೇ ಕೊಟ್ಟ ದುಡ್ಡು ಬಂತು. ಗಾಳಿ ಎಳೆದುಕೊಂಡು ತುದಿಯನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ ಒತ್ತಿದರೆ, 20ರಲ್ಲಿದ್ದದ್ದು 10ರ ಹತ್ತಿರ ಬರುತ್ತದೆ, ಕೈ ಬಿಟ್ಟರೆ ಸ್ಪ್ರಿಂಗ್ ಹಾಗೆ ವಾಪಸ್ ಹೋಗುತ್ತದೆ. ಆಮೇಲೆ ನೀರು ತುಂಬಿ ಅದೇ ಥರ ಒತ್ತಲು ಹೇಳಿ. ಜಗ್ಗುವುದಿಲ್ಲ. ಹಲ್ಲು ಕಚ್ಚಿ ಒತ್ತಿದರೂ ಜಗ್ಗುವುದಿಲ್ಲ. ಗಾಳಿಯ ಕಣಗಳ ನಡುವೆ ಖಾಲಿ ಜಾಗ ಜಾಸ್ತಿ, ನೀರಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ನಾನು ಬೋರ್ಡ್ ಮೇಲೆ ಹತ್ತು ಸಲ ಬರೆದರೂ ಹೋಗದ್ದು ಅವರ ಹೆಬ್ಬೆರಳಿನ ಮೂಲಕ ಒಂದೇ ಸಲಕ್ಕೆ ತಲೆಗೆ ಹೋಯಿತು. ಒಬ್ಬ ಹುಡುಗ ಮಾತ್ರ "ಟೀಚರ್, ನನ್ನ ನೀರು ಕುಗ್ತಾ ಇದೆ" ಅಂದ. ಹೋಗಿ ನೋಡಿದರೆ ನಿಜವಾಗಿಯೂ ಪಿಸ್ಟನ್ ಒಂದೆರಡು ಗೆರೆ ಇಳಿಯುತ್ತಿತ್ತು. ಸಿರಿಂಜನ್ನು ಬೆಳಕಿಗೆ ಹಿಡಿದೆವು. ಮೇಲ್ಗಡೆ ಒಂದು ಗಾಳಿಗುಳ್ಳೆ ಕೂತಿತ್ತು. ಒತ್ತಿದಾಗ ಗುಳ್ಳೆ ಸಣ್ಣದಾಗುತ್ತದೆ, ಬಿಟ್ಟರೆ ಉಬ್ಬುತ್ತದೆ, ನೀರು ಮಾತ್ರ ಇದ್ದಷ್ಟೇ ಇರುತ್ತದೆ. ನಾನೇ ಯೋಚಿಸಿ ಮಾಡಿಸಿದ್ದರೂ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. (ತುದಿಯಿಂದ ಬೆರಳು ಜಾರಿದರೆ ಎದುರಿಗೆ ಕೂತವರ ಮುಖಕ್ಕೆ ಪಿಚಕಾರಿ. ಸೀಟು ಜೋಡಿಸುವಾಗ ನೆನಪಿರಲಿ.)

ಥರ್ಮಾಮೀಟರ್ ನೋಡಲು ಅಗ್ಗದ್ದು, ಎರಡನೇ ವಾರಕ್ಕೆ ಅಂಕಿ ಅಳಿಸಲು ಶುರುವಾಯಿತು. ಆದರೂ ಕೆಲಸ ಮಾಡಿತು. ಪುಡಿ ಮಾಡಿದ ಐಸ್ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಸೇರಿಸಿ, ಕಲಕುತ್ತಾ ಎರಡೆರಡು ನಿಮಿಷಕ್ಕೆ ಒಮ್ಮೆ ಓದಿ ಬರೆಯಿರಿ ಅಂದೆ. 0. ಮತ್ತೆ 0. ಮತ್ತೆ 0. ನಾಲ್ಕನೇ ಸಲಕ್ಕೆ ಹಿಂದಿನ ಬೆಂಚಿನಿಂದ ದೂರು ಬಂತು, ಥರ್ಮಾಮೀಟರ್ ಕೆಟ್ಟು ಹೋಗಿದೆ ಅಂತ. ಕೊನೆಯ ಚೂರು ಕರಗಿ ಸ್ವಲ್ಪ ಹೊತ್ತಾದ ಮೇಲೆ 1, 2, 3 ಅಂತ ಏರತೊಡಗಿದಾಗ ಎಲ್ಲರೂ ಸುಮ್ಮನಾದರು. ಅಷ್ಟು ಹೊತ್ತು ಒಳಗೆ ಹೋದ ಶಾಖ ಎಲ್ಲಿ ಹೋಯಿತು? ಐಸ್ ಬಿಸಿಯಾಗಲಿಲ್ಲ, ಕರಗಿತು, ಅಷ್ಟಕ್ಕೇ ಅದೆಲ್ಲ ಖರ್ಚು. ಒಂದು ಗ್ರಾಂ ಐಸ್ ಕರಗಿಸಲು ಬೇಕಾಗುವ ಶಾಖದಲ್ಲಿ ಒಂದು ಗ್ರಾಂ ನೀರನ್ನು 0ಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು. 18ನೇ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಗುರುತಿಸಿ ಹೆಸರಿಟ್ಟದ್ದು ಇದನ್ನೇ, ಗುಪ್ತೋಷ್ಣ. ಹೆಸರು ಈ ವಯಸ್ಸಿಗೆ ಬೇಡ. ಆ 0, 0, 0 ಸಾಕು. ಇಂಥ ಪ್ರಯೋಗ ಪುಸ್ತಿಕೆಯಲ್ಲಿ ಇಲ್ಲವೇ ಇಲ್ಲ! ಥರ್ಮಾಮೀಟರ್ ಕೊಟ್ಟು "ಬಿಸಿ ನೀರು ಎಷ್ಟು, ತಣ್ಣೀರು ಎಷ್ಟು ನೋಡಿ" ಅಂತ ಬಿಟ್ಟಿದ್ದಾರೆ.

ಈಗ ಪುಸ್ತಿಕೆಗೆ ಬರೋಣ. ನನ್ನ ಸಿಟ್ಟೆಲ್ಲ ಇದರ ಮೇಲೆ.

ಮೊದಲನೆಯದು, ಕೆಟಲ್ ಚಿತ್ರ. ಮೂತಿಯಿಂದ ಬರುವ ಬಿಳಿ ಹೊಗೆಯಂಥದ್ದಕ್ಕೆ ಬಾಣದ ಗುರುತು ಹಾಕಿ "ಅನಿಲ" ಅಂತ ಬರೆದಿದ್ದಾರೆ. ಅದು ಅನಿಲ ಅಲ್ಲ, ತಣಿದ ಸಣ್ಣಸಣ್ಣ ನೀರ ಹನಿಗಳು, ಅಂದರೆ ದ್ರವ. ನೀರಾವಿ ಕಣ್ಣಿಗೆ ಕಾಣಲ್ಲ. ಮೂತಿಗೂ ಬಿಳಿ ಶುರುವಾಗುವ ಜಾಗಕ್ಕೂ ನಡುವೆ ಏನೂ ಇಲ್ಲದಂತೆ ಕಾಣುವ ಒಂದು ತುಂಡು ಜಾಗ ಇರುತ್ತದಲ್ಲ, ಬಾಣ ಅಲ್ಲಿಗೆ ಹಾಕಬೇಕಿತ್ತು.

ಎರಡನೆಯದು ಇನ್ನೂ ಕೆಟ್ಟದ್ದು. ಅಡುಗೆ ಸೋಡಾ, ವಿನೆಗರ್ ಸೇರಿಸಿ ಬಲೂನ್ ಉಬ್ಬಿಸುವ ಪ್ರಯೋಗವನ್ನು "ಸ್ಥಿತಿ ಬದಲಾವಣೆ" ಅನ್ನುವ ಪುಟದಲ್ಲಿ ಹಾಕಿದ್ದಾರೆ. ಮಕ್ಕಳಿಗೆ ಖುಷಿ, ನಿಜ. ಆದರೆ ಅಲ್ಲಿ ಯಾವುದೂ ಕರಗಿ ಕುದಿದು ಅನಿಲ ಆಗಿಲ್ಲ. ಎರಡೂ ಸೇರಿ ಕಾರ್ಬನ್ ಡೈಆಕ್ಸೈಡ್ ಅನ್ನುವ ಬೇರೆಯೇ ವಸ್ತು ಹುಟ್ಟಿದೆ. ನೀರನ್ನು ಐಸ್ ಮಾಡಿ, ಕರಗಿಸಿದರೆ ಮತ್ತೆ ಅದೇ ನೀರು. ಬಲೂನನ್ನು ಎಷ್ಟೇ ತಣ್ಣಗೆ ಮಾಡಿದರೂ ಸೋಡಾ, ವಿನೆಗರ್ ವಾಪಸ್ ಬರಲ್ಲ. ಇದನ್ನು ನಾನು ಮಾಡಿಸಿದೆ, ಆದರೆ "ಇದು ಯಾಕೆ ಈ ಪಾಠಕ್ಕೆ ಸೇರಲ್ಲ ಹೇಳಿ" ಅನ್ನುವ ಪ್ರಶ್ನೆ ಇಟ್ಟುಕೊಂಡು ಮಾಡಿಸಿದೆ.

ಮೂರನೆಯದು ಕಣಗಳ ಚಿತ್ರ. ಘನದಲ್ಲಿ ಒತ್ತೊತ್ತಾಗಿ, ದ್ರವದಲ್ಲಿ ಅರ್ಧ ಖಾಲಿ, ಅನಿಲದಲ್ಲಿ ಪೂರ್ತಿ ಚೆದುರಿ. ಸುಮ್ನೆ ನೋಡಲು ಚೆಂದ. ಆದರೆ ದ್ರವದ ಕಣಗಳೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಜಾಗ ಬದಲಿಸುತ್ತಾ ಜಾರುತ್ತವೆ ಅಷ್ಟೆ. ಚಿತ್ರದಲ್ಲಿ ಇದ್ದಂತೆ ಅರ್ಧ ಖಾಲಿ ಇದ್ದಿದ್ದರೆ ಸಿರಿಂಜ್‌ನಲ್ಲಿ ನೀರು ಕುಗ್ಗಬೇಕಿತ್ತು ಅಲ್ವಾ? ಅವರ ಪೆಟ್ಟಿಗೆಯ ಸಿರಿಂಜೇ ಅವರ ಚಿತ್ರ ಸುಳ್ಳು ಅನ್ನುತ್ತಿದೆ. ಮಣಿ ಡಬ್ಬಿ ಇದಕ್ಕಿಂತ ವಾಸಿ. ಓರೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಮಣಿಗಳು ಒಂದರ ಮೇಲೊಂದು ಜಾರಿ ಹರಿಯುತ್ತವೆ. ಒಂದೇ ತೊಂದರೆ, ಐಸ್ ಕರಗಿದರೆ ಕಣವೂ ಕರಗಿ ಮೆತ್ತಗಾಗುತ್ತದೆ ಅಂತ ಮೂರ್ನಾಲ್ಕು ಮಕ್ಕಳು ಅಂದುಕೊಂಡಿದ್ದರು. ಮಣಿ ಮೆತ್ತಗಾಯಿತಾ ಅಂತ ಮುಟ್ಟಿ ನೋಡಲು ಕೊಟ್ಟೆ.

"ಘನಕ್ಕೆ ತನ್ನದೇ ಆಕಾರ, ದ್ರವಕ್ಕೆ ಪಾತ್ರೆಯ ಆಕಾರ" ಅನ್ನುವ ಸಾಲು ತಪ್ಪಲ್ಲ, ಆದರೆ ಮಕ್ಕಳು ಅದನ್ನು ಐದು ನಿಮಿಷದಲ್ಲಿ ಬೀಳಿಸುತ್ತಾರೆ. ಒಬ್ಬಳು ಮರಳನ್ನು ಲೋಟದಿಂದ ಲೋಟಕ್ಕೆ ಸುರಿದು "ಇದೂ ದ್ರವನಾ?" ಅಂದಳು. ಮೇಜಿನ ಮೇಲೆ ಸುರಿಸಿದೆ. ಮರಳು ಗುಡ್ಡೆಯಾಗಿ ನಿಂತಿತು, ನೀರು ಹರಡಿಕೊಂಡು ನೆಲಕ್ಕೆ ಇಳಿಯಿತು. ಭೂತಗನ್ನಡಿ ಹಿಡಿದರೆ ಒಂದೊಂದು ಹರಳಿಗೂ ಅದರದ್ದೇ ಆಕಾರ. ಆಮೇಲೆ ಸ್ಪಂಜ್ ಬಂತು, ಅಮುಕಿದರೆ ಕುಗ್ಗುತ್ತದಲ್ಲ ಅಂತ. ತೂತುಗಳೊಳಗಿನ ಗಾಳಿ ಹೊರಗೆ ಹೋಗುವುದನ್ನು ತೋರಿಸಲು ನೀರೊಳಗೆ ಅದ್ದಿ ಹಿಂಡಿದೆವು, ಗುಳ್ಳೆ ಎದ್ದವು. ಮರಳು, ಸ್ಪಂಜ್, ಭೂತಗನ್ನಡಿ ಯಾವುದೂ ಕಿಟ್‌ನಲ್ಲಿಲ್ಲ. ಇರಬೇಕಿತ್ತು.

ನುಸಿಗುಳಿಗೆಯನ್ನು ಬಂದ ದಿನವೇ ಎಸೆದೆ. ಘನದಿಂದ ನೇರ ಅನಿಲ ಆಗುವುದನ್ನು ತೋರಿಸಲು ಇಟ್ಟಿದ್ದಾರಂತೆ. ಬಾಯಿಗೆ ಹೋದರೆ ವಿಷ, ನೋಡಲು ಮಿಠಾಯಿ ಥರ, ಮೇಲಾಗಿ ಅದು ಸವೆದು ಸಣ್ಣದಾಗುವುದನ್ನು ಕಾಣಲು ವಾರಗಟ್ಟಲೆ ಕಾಯಬೇಕು. ಯಾರ ತಲೆಯೋ ಇದು!

ಕಾರ್ನ್‌ಫ್ಲೋರ್ ನೀರಲ್ಲಿ ಕಲಸಿದರೆ ಗುದ್ದಿದಾಗ ಗಟ್ಟಿ, ಬಿಟ್ಟರೆ ಹರಿಯುತ್ತದೆ. ಮಕ್ಕಳು ಇದನ್ನು ಬಿಡಲು ಒಪ್ಪಲಿಲ್ಲ. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಕೊಟ್ಟರೆ ಮಿಕ್ಕ ಪಾಠ ಮುಗಿದಂತೆಯೇ. ಉಳಿದದ್ದನ್ನು ಸಿಂಕ್‌ಗೆ ಸುರಿಯಬೇಡಿ, ಪೈಪಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ನಾನು ಸುರಿದೆ, ಅದಕ್ಕೇ ಹೇಳುತ್ತಿದ್ದೇನೆ.

ನಾಲ್ಕು ಸಿರಿಂಜ್ 28 ಮಕ್ಕಳಿಗೆ ಯಾವ ಮೂಲೆಗೂ ಸಾಲಲ್ಲ. ಮನೆಯಲ್ಲಿ ಒಂದಿಬ್ಬರು ಮಕ್ಕಳಿಗಾದರೆ ಕಿಟ್ ಕೊಳ್ಳಬಹುದು, ಪುಸ್ತಿಕೆ ಮುಚ್ಚಿಡಿ. ತರಗತಿಗಾದರೆ ಸಿರಿಂಜ್, ಥರ್ಮಾಮೀಟರ್ ಬಿಡಿಬಿಡಿಯಾಗಿ ತರಿಸಿ. ನಾನು ಮುಂದಿನ ವರ್ಷಕ್ಕೆ ಹಾಗೇ ತರಿಸಿದ್ದೇನೆ, ಮಣಿ ಡಬ್ಬಿ ಮಾತ್ರ ಈ ಪೆಟ್ಟಿಗೆಯದ್ದೇ ಉಳಿಸಿಕೊಂಡಿದ್ದೇನೆ.