ಕಾನೂನಿನ ಬೇಡಿಕೆ ಹಿಡಿದು ಎಂಎಲ್‌ಎ ಆಫೀಸಿಗೆ: ಕಾಸರಗೋಡಿನಲ್ಲಿ ಈ ಸೇವೆ ಎಷ್ಟು ಕೆಲಸಕ್ಕೆ ಬರುತ್ತದೆ?

ಚಿಕಿತ್ಸಾ ಸಹಾಯದ ಅರ್ಜಿ, ರಸ್ತೆಯ ದೂರು, ಮದುವೆಯ ಕಾಗದ. ನಮ್ಮ ಜಿಲ್ಲೆಯಲ್ಲಿ ಎಂಎಲ್‌ಎ ಆಫೀಸಿನ ಮೆಟ್ಟಿಲು ಹತ್ತುವವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಇವೇ. ಮಹಿಳೆಯರ ಹಕ್ಕಿನ ಕಾನೂನು ಬದಲಾಗಬೇಕು, ಇರುವ ಕಾನೂನು ಸರಿಯಾಗಿ ಜಾರಿಗೆ ಬರಬೇಕು ಎಂದು ಹೋಗುವ ಸ್ವಯಂಸೇವಕರ ತಂಡಕ್ಕೆ ಅದೇ ಆಫೀಸು ಎಷ್ಟು ಉಪಯೋಗ ಎಂಬುದನ್ನು ಇಲ್ಲಿ ನೋಡಿದ್ದೇವೆ. ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡ್, ತೃಕ್ಕರಿಪುರ, ಈ ಐದು ಕ್ಷೇತ್ರಗಳ ಯಾವುದಕ್ಕೂ ಹೊಂದುವ ಮಾತು. ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಐದಕ್ಕೆ ನಾಲ್ಕು. ಖರ್ಚಿಲ್ಲ, ಹತ್ತಿರ ಇದೆ, ತಿರುವನಂತಪುರದ ರಾತ್ರಿ ರೈಲು ಹಿಡಿಯಬೇಕಾಗಿಲ್ಲ. ಆದರೆ ಬೇಕಾದ್ದನ್ನು ಬಾಯಿಬಿಟ್ಟು ಕೇಳದಿದ್ದರೆ ಸಿಗುವುದು ಒಂದು ಶಿಫಾರಸು ಪತ್ರ ಮಾತ್ರ.

ಕೆಲಸ ಕೆಡುವುದು ಈ ಶಿಫಾರಸು ಪತ್ರದಲ್ಲೇ. ಮನವಿ ಕೊಟ್ಟರೆ ಪಿ.ಎ. ಅದನ್ನು ಓದಿ, ಶಾಸಕರ ಲೆಟರ್‌ಹೆಡ್‌ನಲ್ಲಿ ಸಂಬಂಧಪಟ್ಟ ಇಲಾಖೆಗೆ ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಒಬ್ಬರ ಪಿಂಚಣಿ ತಡೆದಿದ್ದರೆ ಅಷ್ಟು ಸಾಕು. ಕಾನೂನಿನ ವಿಷಯಕ್ಕೆ ಸಾಲದು. ಇಲಾಖೆ ಅದನ್ನೂ ಒಂದು ದೂರಿನಂತೆ ಫೈಲು ಮಾಡುತ್ತದೆ, 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಶಾಸಕರ ಕೈಯಲ್ಲಿ ಇಲಾಖೆ ಇಲ್ಲ, ಸದನ ಇದೆ. ಆದ್ದರಿಂದ ಕೇಳಬೇಕಾದ್ದು ಸದನದ ಕೆಲಸವನ್ನು: ಒಂದು ಪ್ರಶ್ನೆ, ಒಂದು ಸಬ್‌ಮಿಷನ್ (ಒಂದು ವಿಷಯವನ್ನು ಸದನದಲ್ಲಿ ಎತ್ತಿ ಮಂತ್ರಿಯ ಉತ್ತರ ಕೇಳುವ ಕ್ರಮ), ಗಮನ ಸೆಳೆಯುವ ಸೂಚನೆ, ಅಥವಾ ಮಸೂದೆ ಬಂದಾಗ ಒಂದು ತಿದ್ದುಪಡಿ. 'ಮೇಡಂ, ಈ ಬಗ್ಗೆ ಒಂದು ಸಬ್‌ಮಿಷನ್ ಹಾಕಬೇಕು' ಎಂದು ನೇರವಾಗಿ ಹೇಳಿದಾಗ ಮಾತುಕತೆಯ ದಾರಿಯೇ ಬೇರೆ ಆಗುತ್ತದೆ. 'ಮಹಿಳೆಯರಿಗೆ ನ್ಯಾಯ ಸಿಗಬೇಕು' ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಆ ಹೌದಿನಿಂದ ಏನೂ ಆಗುವುದಿಲ್ಲ.

ಹೋಗುವ ಮೊದಲು ಒಂದು ವಿಷಯ ಇತ್ಯರ್ಥ ಆಗಿರಬೇಕು: ನಿಮ್ಮ ಬೇಡಿಕೆ ಯಾರ ಕೈಯಲ್ಲಿದೆ? ಕೌಟುಂಬಿಕ ಹಿಂಸೆ ತಡೆ ಕಾಯಿದೆ 2005ರದ್ದು, ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಕಾಯಿದೆ 2013ರದ್ದು, ವರದಕ್ಷಿಣೆ ನಿಷೇಧ ಕಾಯಿದೆ 1961ರದ್ದು. ಮೂರೂ ಕೇಂದ್ರದ ಕಾನೂನು. ಇವುಗಳ ಮೂಲ ಕಲಮನ್ನು ರಾಜ್ಯ ತಿದ್ದಬಹುದಾದರೂ ಕೇಂದ್ರದ ಕಾನೂನಿಗೆ ವಿರುದ್ಧವಾದರೆ ಸಂವಿಧಾನದ 254(2)ನೇ ವಿಧಿಯಂತೆ ರಾಷ್ಟ್ರಪತಿಯ ಒಪ್ಪಿಗೆ ಬೇಕು. ದೂರದ ದಾರಿ. ಆದರೆ ಅಧಿಕಾರಿಗಳ ನೇಮಕ, ಎಷ್ಟು ಜನ, ಎಲ್ಲಿ, ಇದೆಲ್ಲ ರಾಜ್ಯದ ಕೈಯಲ್ಲೇ ಇದೆ. 2021ರಲ್ಲಿ ಕೇರಳ ಸರಕಾರ ವರದಕ್ಷಿಣೆ ನಿಷೇಧದ ನಿಯಮಗಳನ್ನು ತಿದ್ದಿ, ಅದುವರೆಗೆ ಪ್ರಾದೇಶಿಕ ಮಟ್ಟದಲ್ಲಿದ್ದ ನಿಷೇಧಾಧಿಕಾರಿಗಳ ಹೊಣೆಯನ್ನು 14 ಜಿಲ್ಲೆಗಳಿಗೂ ತಂದಿತು. ಕಾಯಿದೆಯ ಒಂದಕ್ಷರ ಬದಲಾಗಲಿಲ್ಲ.

ರಾಜ್ಯದ್ದೇ ಕಾನೂನು ಬೇಕೆಂದರೆ ಜವುಳಿ ಅಂಗಡಿಯ ಕುಳಿತುಕೊಳ್ಳುವ ಹಕ್ಕಿಗಿಂತ ಒಳ್ಳೆಯ ಪಾಠ ಇಲ್ಲ. ಕೋಝಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಣ್ಣುಮಕ್ಕಳು ಹೋರಾಡಿ ಎಬ್ಬಿಸಿದ ಬೇಡಿಕೆ ಅದು. 2018ರಲ್ಲಿ ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿಯಾಗಿ ಬಂತು. 2021ರಲ್ಲಿ ತಮಿಳುನಾಡೂ ಇಂಥದೇ ತಿದ್ದುಪಡಿ ಮಾಡಿತು. ಈಗ ಉಳಿದಿರುವುದು ಜಾರಿ. ನಮ್ಮ ಪೇಟೆಯ ಅಂಗಡಿಗಳಿಗೆ ಹೋಗುವವರು ನೋಡಬೇಕಾದ್ದು ಸ್ಟೂಲು ಇದೆಯೇ ಎಂಬುದನ್ನಷ್ಟೇ ಅಲ್ಲ. ಕೌಂಟರಿನ ಅಡಿಗೆ ತಳ್ಳಿದ್ದಾರೆಯೇ, ಅದರ ಮೇಲೆ ಬಿಚ್ಚದ ಸೀರೆ ಕಟ್ಟು ಪೇರಿಸಿದ್ದಾರೆಯೇ, ಎಷ್ಟು ಮಂದಿ ಕೆಲಸದವರಿಗೆ ಎಷ್ಟು ಆಸನ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುಳಿತರೆ ಮೇಲ್ವಿಚಾರಕರು ಏನೆನ್ನುತ್ತಾರೆ, ಇಷ್ಟನ್ನೂ ಬರೆದುಕೊಳ್ಳಬೇಕು. ಆಮೇಲೆ ಶಾಸಕರ ಕೈಗೆ ಕೊಡುವ ಪ್ರಶ್ನೆ ಹೀಗಿರಲಿ: ಕಳೆದ ಹಣಕಾಸು ವರ್ಷದಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಈ ಕಾಯಿದೆಯ ಕೆಳಗೆ ಎಷ್ಟು ಅಂಗಡಿಗಳ ತಪಾಸಣೆ ನಡೆದಿದೆ? ಆಸನ ಇಲ್ಲದ ಕಾರಣಕ್ಕೆ ಎಷ್ಟು ನೋಟೀಸು ಹೋಗಿದೆ? ಎಷ್ಟು ಪ್ರಕರಣ ದಾಖಲಾಗಿದೆ? ಉತ್ತರ ಸೊನ್ನೆ ಎಂದು ಬಂದರೂ ಅದು ಸದನದ ದಾಖಲೆ. ಮುಂದಿನ ಸಲ ಅದನ್ನೇ ಹಿಡಿದು ಮಾತಾಡಬಹುದು.

ಇನ್ನೆರಡು ಬೇಡಿಕೆಗಳು ನಮ್ಮ ಜಿಲ್ಲೆಗೆ ಚೆನ್ನಾಗಿ ಹೊಂದುತ್ತವೆ. 2013ರ ಕಾಯಿದೆಯಂತೆ ಹತ್ತಕ್ಕಿಂತ ಕಡಿಮೆ ಕೆಲಸದವರಿರುವ ಕಡೆಯ ದೂರು, ಮನೆಗೆಲಸದವರ ದೂರು, ಮಾಲಕರ ಮೇಲಿನ ದೂರು ಇವೆಲ್ಲ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ದೂರು ಕೊಡಲು ಮೂರು ತಿಂಗಳ ಗಡುವು. ಕಾರಣ ಇದ್ದರೆ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ಬ್ಲಾಕ್ ಮಟ್ಟದಲ್ಲಿ ನೋಡಲ್ ಅಧಿಕಾರಿ ದೂರು ತೆಗೆದುಕೊಂಡು ಏಳು ದಿನದೊಳಗೆ ಸಮಿತಿಗೆ ತಲಪಿಸಬೇಕು ಎಂದು 6ನೇ ಕಲಮು ಹೇಳುತ್ತದೆ. ಮಂಜೇಶ್ವರ, ಕಾರಡ್ಕ, ಕಾಸರಗೋಡು ಬ್ಲಾಕುಗಳಲ್ಲಿ ಆ ಅಧಿಕಾರಿ ಯಾರು, ಹೆಸರು ಎಲ್ಲಿ ತೂಗುಹಾಕಿದೆ, ಅವರಿಗೆ ಕನ್ನಡ, ತುಳು ಗೊತ್ತೇ ಎಂಬುದು ಸದನದಲ್ಲಿ ಕೇಳಬಹುದಾದ ಪ್ರಶ್ನೆ. ಎರಡನೆಯದು ಮಹಿಳಾ ರಕ್ಷಣಾಧಿಕಾರಿ, ಅಂದರೆ ಮನೆಯ ಹಿಂಸೆಗೆ ಒಳಗಾದವರಿಗೆ ಕೋರ್ಟಿಗೆ ಅರ್ಜಿ ಹಾಕಲು ನೆರವಾಗುವ ಅಧಿಕಾರಿ. ಕೌಟುಂಬಿಕ ಹಿಂಸೆ ಕಾಯಿದೆಯ 8ನೇ ಕಲಮು ಜಿಲ್ಲೆಗೆ ಎಷ್ಟು ಮಂದಿ ಬೇಕೆಂಬುದನ್ನು ರಾಜ್ಯ ಸರಕಾರಕ್ಕೇ ಬಿಟ್ಟಿದೆ. ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಬಂದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎಂದು ಕಾಯಿದೆ ಹೇಳುತ್ತದೆ. ತಲಪಾಡಿಯಿಂದ ಕಾಲಿಕಡವಿನವರೆಗೆ, ಪೂರ್ವಕ್ಕೆ ಮಲೆನಾಡಿನ ವೆಳ್ಳರಿಕುಂಡಿನವರೆಗೆ ಹರಡಿದ ಜಿಲ್ಲೆಯಲ್ಲಿ ತಾಲೂಕಿಗೊಬ್ಬ ಅಧಿಕಾರಿ ಬೇಕೆಂಬುದು ಸರಕಾರಿ ಆದೇಶದಲ್ಲೇ ಮುಗಿಯುವ ಬೇಡಿಕೆ.

ಮನವಿಯ ಕಾಗದಕ್ಕೆ ಬರೋಣ. ಎ4ರ ಒಂದೇ ಪುಟ. ಮೇಲೆ ವಿಷಯ, ಅದರ ಕೆಳಗೆ ಕಾಯಿದೆಯ ಹೆಸರು, ವರ್ಷ, ಕಲಮು. ನಡುವೆ ಸ್ಥಳೀಯ ಸ್ಥಿತಿ ಐದಾರು ಸಾಲು. ಕೊನೆಗೆ 'ಸದನದಲ್ಲಿ ಇದನ್ನು ಈ ರೂಪದಲ್ಲಿ ಎತ್ತಬೇಕು' ಎಂಬ ಒಂದೇ ಕೋರಿಕೆ. ಹತ್ತು ಬೇಡಿಕೆ ಪಟ್ಟಿ ಮಾಡಿದರೆ ಶಾಸಕರು ಅದರಲ್ಲಿ ಅತಿ ಸುಲಭದ್ದನ್ನು ಎತ್ತಿಕೊಳ್ಳುತ್ತಾರೆ, ಉಳಿದ ಒಂಬತ್ತು ಮನವಿಯಲ್ಲೇ ಉಳಿಯುತ್ತವೆ. ನೊಂದವರ ಹೆಸರು, ಮನೆ, ಫೋಟೋ ಎಲ್ಲಿಯೂ ಬೇಡ. 2013ರ ಕಾಯಿದೆಯ 16ನೇ ಕಲಮು ಅದನ್ನು ಬಹಿರಂಗ ಮಾಡುವುದನ್ನೇ ನಿಷೇಧಿಸಿದೆ, ಮತ್ತು ಮನವಿಯ ಫೋಟೋ ಸಂಜೆಯೊಳಗೆ ವಾಟ್ಸಾಪಿನಲ್ಲಿ ಓಡಾಡುವುದು ಖಂಡಿತ.

ಭಾಷೆಯ ವಿಷಯದಲ್ಲಿ ಹಿಂಜರಿಕೆ ಬೇಡ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. 2021ರಲ್ಲಿ ಮಂಜೇಶ್ವರದ ಶಾಸಕರು ಪ್ರಮಾಣವಚನವನ್ನೇ ಕನ್ನಡದಲ್ಲಿ ಸ್ವೀಕರಿಸಿದ್ದರು. ಆದರೂ ಮಲಯಾಳದ ಪ್ರತಿ ಜೊತೆಗಿರಲಿ: ಸದನದ ನೋಟೀಸು ತಯಾರಾಗುವುದು ಮಲಯಾಳದಲ್ಲಿ, ಕನ್ನಡದ್ದೊಂದನ್ನೇ ಕೊಟ್ಟರೆ ಅನುವಾದಕ್ಕೆ ಜನ ಸಿಗುವವರೆಗೆ ಕಾಗದ ಮೇಜಿನ ಮೇಲೆಯೇ ಇರುತ್ತದೆ. ಈ ಸೇವೆಗೆ ನಾವು ಒಂದು ಅಂಕ ಕಡಿಮೆ ಕೊಟ್ಟದ್ದು ಮುಖ್ಯವಾಗಿ ಇದಕ್ಕೇ. ಕನ್ನಡಿಗರೇ ಹೆಚ್ಚಿರುವ ಊರಲ್ಲಿ ಅನುವಾದದ ಹೊರೆ ಅರ್ಜಿದಾರರ ತಲೆಯ ಮೇಲೆ ಬೀಳಬಾರದು. ಮಾಹಿತಿ ಹಕ್ಕಿನ ಅರ್ಜಿಗೂ ಮಲಯಾಳದ್ದೇ ಸುರಕ್ಷಿತ; ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಅಂಕಿ ಅಂಶ ಬೇಕಿದ್ದರೆ ಶಾಸಕರನ್ನು ಕಾಣುವ ಮೊದಲೇ ಈ ಅರ್ಜಿ ಹೋಗಿರಬೇಕು.

ಸಮಯ ಬಹಳ ಮುಖ್ಯ. ಅಧಿವೇಶನ ಶುರುವಾದ ಮೇಲೆ ಹೋದರೆ ತಡವಾಯಿತೆಂದೇ ಲೆಕ್ಕ. ಪ್ರಶ್ನೆಗೆ ಮುಂಚಿತವಾಗಿ ನೋಟೀಸು ಕೊಡಬೇಕು, ಯಾವ ಇಲಾಖೆಗೆ ಯಾವ ದಿನ ಎಂಬುದೂ ಮೊದಲೇ ನಿಗದಿ. ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಫೋನು ಮಾಡಿ, ಶಾಸಕರು ಊರಲ್ಲಿರುವ ಶನಿವಾರವೋ ಭಾನುವಾರವೋ ಹೊತ್ತು ಕೇಳಿ ಇಟ್ಟುಕೊಳ್ಳಿ. ನಾಲ್ಕೈದು ಮಂದಿ ಸಾಕು. ಒಬ್ಬರು ವಿಷಯ ಹೇಳಲಿ, ಒಬ್ಬರು ಬರೆದುಕೊಳ್ಳಲಿ. ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕನೊಬ್ಬರು ಜೊತೆಗಿದ್ದರೆ ವಕೀಲರು ಇಲ್ಲದಿದ್ದರೂ ನಡೆಯುತ್ತದೆ. ಆದರೆ ಕೆಲಸಕ್ಕೆ ತೊಂದರೆ ಬರುವ ಭಯ ಅವರಿಗಿದ್ದರೆ ಒತ್ತಾಯಿಸಬೇಡಿ. ಹೊರಡುವ ಮೊದಲು ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಳ್ಳಿ, ಪಿ.ಎ.ಯವರ ನಂಬರು ತೆಗೆದುಕೊಳ್ಳಿ. ನಿಜವಾದ ಓಡಾಟ ಇನ್ನು ಅವರ ಜೊತೆಗೇ.

ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಲೆಕ್ಕ ಬದಲಾಗುತ್ತದೆ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರಿಸುತ್ತಾರೆ. ಆಗ ಪ್ರಶ್ನೆಯನ್ನು ಜಿಲ್ಲೆಯ ಇನ್ನೊಬ್ಬ ಶಾಸಕರ ಮೂಲಕ ಹಾಕಿಸಬೇಕು. ಆಳುವ ಪಕ್ಷ, ವಿರೋಧ ಪಕ್ಷ ಇಬ್ಬರಿಗೂ ಒಂದೇ ಮನವಿ ಕೊಡುವುದು ಯಾವಾಗಲೂ ಒಳ್ಳೆಯದು. ಕೇರಳದಲ್ಲಿ ಮಸೂದೆಗಳು ವಿಷಯ ಸಮಿತಿಗೆ (ಇಲಾಖೆವಾರು ಪರಿಶೀಲಿಸುವ ಶಾಸಕರ ಸಮಿತಿಗೆ) ಹೋಗುವ ಪದ್ಧತಿ 1980ರಿಂದ ಇದೆ. ನಮ್ಮ ಜಿಲ್ಲೆಯವರು ಆ ಸಮಿತಿಯಲ್ಲಿದ್ದರೆ ತಿದ್ದುಪಡಿಯ ಮಾತು ಅಲ್ಲಿಯೇ ಆಗಬೇಕು. ಮಂತ್ರಿಯಲ್ಲದ ಶಾಸಕರು ತರುವ ಖಾಸಗಿ ಮಸೂದೆ ಪಾಸಾಗುವುದು ಬಹಳ ಅಪರೂಪ, ಆದರೂ ಮಂತ್ರಿಯಿಂದ ಉತ್ತರ ಪಡೆಯಲು ಅದು ಉಪಯೋಗಕ್ಕೆ ಬರುತ್ತದೆ.

ಬೇರೆ ದಾರಿಗಳ ಬಗ್ಗೆ ಎರಡು ಮಾತು. ಮಹಿಳಾ ಆಯೋಗದ ಅದಾಲತ್ತು ಒಬ್ಬೊಬ್ಬರ ದೂರಿಗೆ ಒಳ್ಳೆಯದು, ಕಾನೂನಿನ ಬೇಡಿಕೆಗೆ ನಿಧಾನ. ಮುಖ್ಯಮಂತ್ರಿಗಳ ದೂರು ಪೋರ್ಟಲ್ ಇಲಾಖೆಗೇ ತಲಪುವುದರಿಂದ ಶಿಫಾರಸು ಪತ್ರದ ಕಥೆಯೇ ಅಲ್ಲೂ. ಗ್ರಾಮಸಭೆಯನ್ನು ಮಾತ್ರ ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಸೇರಬೇಕಾದ ಸಭೆ, ಕೋರಂಗೆ ಮತದಾರರ ಶೇಕಡಾ 10 ಬೇಕು. ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ಎ.ಡಿ.ಎಸ್.ನವರು (ವಾರ್ಡು ಮಟ್ಟದ ಘಟಕದವರು) ಮನಸ್ಸು ಮಾಡಿದರೆ ಜನ ಸೇರುವುದು ಕಷ್ಟವಲ್ಲ. ಅಲ್ಲಿ ಪಾಸಾದ ಠರಾವಿನ ಪ್ರತಿ ಮನವಿಗೆ ಲಗತ್ತಾಗಿದ್ದರೆ, ಶಾಸಕರು ಅದನ್ನು ಒಂದು ತಂಡದ ಮಾತೆಂದು ಬದಿಗಿಡುವುದು ಸುಲಭವಲ್ಲ.

ಪ್ರಶ್ನೆ ಬಂದ ದಿನ ಸಭಾ ಟಿವಿ ನೋಡಿ. ಉತ್ತರದ ಪ್ರತಿ ನಿಯಮಸಭೆಯ (ಕೇರಳ ವಿಧಾನಸಭೆಯ) ವೆಬ್‌ಸೈಟಿನಲ್ಲಿ ಮಲಯಾಳದಲ್ಲಿ ಸಿಗುತ್ತದೆ. ಮಂತ್ರಿ 'ಕ್ರಮ ಕೈಗೊಳ್ಳಲಾಗುವುದು' ಎಂದಿದ್ದರೆ ಆ ಸಾಲಿಗೆ ಗೆರೆ ಎಳೆದು ಇಟ್ಟುಕೊಳ್ಳಿ. ಸದನದಲ್ಲಿ ಕೊಟ್ಟ ಮಾತು ಸರಕಾರಿ ಭರವಸೆ ಎಂದಾಗುತ್ತದೆ, ಅವುಗಳ ಬೆನ್ನು ಹತ್ತುವುದಕ್ಕೆಂದೇ ಸದನದ ಭರವಸೆಗಳ ಸಮಿತಿ ಇದೆ. ಮುಂದಿನ ಅಧಿವೇಶನದ ಹೊತ್ತಿಗೂ ಏನೂ ಆಗಿಲ್ಲದಿದ್ದರೆ ಎರಡನೇ ಮನವಿ ಆ ಸಮಿತಿಯ ಅಧ್ಯಕ್ಷರ ಹೆಸರಿಗೆ, ಮಂತ್ರಿಯ ಉತ್ತರದ ಪ್ರತಿಯ ಜೊತೆ ಹೋಗಬೇಕು.