ಜಾಮಖೇಡವೋ, ಕೆ.ವಿ. ಕುಪ್ಪಮೋ?

ಸಮುದಾಯ ಆರೋಗ್ಯದ ಮೂಲಕ ಸೇವೆಗಿಳಿಯಬೇಕೆನ್ನುವ ಕ್ರೈಸ್ತ ಯುವಜನರ ಮುಂದೆ ಕಲಿಯಲು ಈ ಎರಡು ಊರುಗಳ ದಾರಿಗಳಿವೆ. ಎರಡರ ಬೇರೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೇ ಇದೆ.

ಮಹಾರಾಷ್ಟ್ರದ ಜಾಮಖೇಡದಲ್ಲಿ 1970ರಲ್ಲಿ ಕೆಲಸ ಆರಂಭಿಸಿದ ರಜನಿಕಾಂತ್ ಮತ್ತು ಮೇಬಲ್ ಆರೋಳೆ ವೈದ್ಯ ದಂಪತಿ ಆ ಕಾಲೇಜಿನಲ್ಲಿ ಓದಿದವರು. ಅವರ ಜಾಣತನವೆಲ್ಲ ಆರೋಗ್ಯ ಕಾರ್ಯಕರ್ತೆಯರ ಆಯ್ಕೆಯಲ್ಲಿತ್ತು: ಊರೇ ಆರಿಸಿ ಕಳಿಸಿದ ಹೆಂಗಸರು, ಬಹಳಷ್ಟು ಮಂದಿ ಅಕ್ಷರ ಬಾರದವರು, ಹಲವರು ದಲಿತರು. ಜಾತಿ ಬದಿಗಿಟ್ಟು ಒಟ್ಟಿಗೆ ಉಂಡು, ಮಗುವಿನ ತೂಕ ನೋಡುವುದನ್ನು, ಭೇದಿಯಾದಾಗ ಉಪ್ಪು-ಸಕ್ಕರೆ ನೀರು ಬೆರೆಸುವುದನ್ನು ಕಲಿತು, ಊರಿಗೆ ಮರಳಿ ಅದನ್ನೇ ಕಲಿಸಿದರು. ಹೊರಗಿನಿಂದ ಕಲಿಯಹೋದವರಿಗೂ ಇಂಥವರೇ ಗುರುಗಳು. ವೈದ್ಯರ ಅಹಂಕಾರಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ತಮಿಳುನಾಡಿನ ಕೆ.ವಿ. ಕುಪ್ಪಂನ ‘ರುಹ್ಸಾ’ 1977ರಲ್ಲಿ ವೆಲ್ಲೂರಿನ ಆ ಕಾಲೇಜೇ ತೆರೆದ ಗ್ರಾಮೀಣ ಆರೋಗ್ಯ ಮತ್ತು ಸಮಾಜಸೇವಾ ಘಟಕ. ಬೆನ್ನಿಗೆ ದೊಡ್ಡ ಆಸ್ಪತ್ರೆಯಿದೆ; ಯುವಕರಿಗೆ ಕಸುಬಿನ ತರಬೇತಿಯೂ ಉಂಟು. ಬೆಂಗಳೂರಿನಿಂದ ಹೋಗುವವರು ಕಾಟ್ಪಾಡಿಯಲ್ಲಿ ಇಳಿಯಬೇಕು. ದಾರಿಯಲ್ಲಿ ಸಿಗುವ ಆಂಧ್ರದ ಕುಪ್ಪಂ ಬೇರೆ, ಅಲ್ಲಿ ಇಳಿದೀರಿ!

ಆಸ್ಪತ್ರೆಯ ಶಿಸ್ತು, ಯೋಜನೆ ನಡೆಸುವ ಬಗೆ ಬೇಕೆನ್ನುವವರಿಗೆ ರುಹ್ಸಾ. ಹಳ್ಳಿಯವರೊಡನೆ ನೆಲದ ಮೇಲೆ ಕೂತು ಕೇಳುವುದನ್ನು ಕಲಿಯಬೇಕೆಂದರೆ ಜಾಮಖೇಡ. ನನ್ನ ಮತ ಅದಕ್ಕೇ. ಜಾಮಖೇಡದಲ್ಲಿ ಮರಾಠಿ, ರುಹ್ಸಾದಲ್ಲಿ ತಮಿಳು. ಬೆಳಗಾವಿ, ಬೀದರ್ ಕಡೆಯವರಿಗೆ ಮೊದಲನೆಯದು ಸಲೀಸು, ಕೋಲಾರದವರಿಗೆ ಎರಡನೆಯದು. ಬರೀ ಧರ್ಮಬೋಧನೆ ಕಲಿಯಬೇಕೆನ್ನುವವರು ಎರಡನ್ನೂ ಬಿಟ್ಟು ಬೈಬಲ್ ಶಾಲೆ ಹುಡುಕಲಿ.